ಬೆನ್ನ ಮೇಲೆ ನಡೆಯುವ ಗೊಣ್ಣೆಹುಳು: ಒಂದು ತಪ್ಪು ಪಾಠ ಮತ್ತು ಅದರ ತಿದ್ದುಪಡಿ

ಈ ಲೇಖನ ನನ್ನ ಬೋಧನಾಭ್ಯಾಸದ ಎರಡು ಪಾಠಗಳನ್ನು ಕುರಿತದ್ದು. ಎರಡೂ ವರ್ಗೀಕರಣ ಘಟಕದವು, ಒಂದೇ ತರಗತಿಗೆ ಮಾಡಿದವು. ಮೊದಲನೆಯ ಪಾಠದಲ್ಲಿ ನಾನು ಒಂದು ಹುಳದ ಹೆಸರನ್ನು ತಪ್ಪಾಗಿ ಹೇಳಿದೆ. ಆ ತಪ್ಪು ತರಗತಿಯಲ್ಲೇ ಉಳಿಯದೆ ಒಬ್ಬ ವಿದ್ಯಾರ್ಥಿನಿಯ ಮನೆಯ ತಿಪ್ಪೆಯವರೆಗೂ ಹೋಯಿತು. ಎರಡನೆಯ ಪಾಠ ಅದನ್ನು ತಿದ್ದಲು ಮಾಡಿದ್ದು. ಇದೇ ಘಟಕವನ್ನು ಕಲಿಸಲಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಪಾಠದ ಹಂತಗಳನ್ನೂ, ಗುರುತಿಸುವ ಕೀಲಿಯನ್ನೂ, ಅದನ್ನು ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಬಳಸಿದಾಗ ಎದುರಾದ ತೊಡಕುಗಳನ್ನೂ ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ

ಜೂನ್ ಮೂರನೆಯ ವಾರ. ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ, ಒಂಬತ್ತನೆಯ ತರಗತಿ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ಕಂಡ ಈ ಸೀಮೆಯಲ್ಲಿ ಕಬ್ಬೇ ಮುಖ್ಯ ಬೆಳೆ. ಹೆಚ್ಚಿನ ಮಕ್ಕಳ ಮನೆಯಲ್ಲಿ ಕಬ್ಬು ಇದೆ. ಕಾರ್ಖಾನೆಗೆ ಹೋಗುವ ಗಾಡಿಗಳನ್ನೂ ಬೆಲ್ಲದ ಗಾಣಗಳನ್ನೂ ನೋಡುತ್ತಲೇ ಬೆಳೆದವರು ಅವರು. ಹೀಗಾಗಿ ವರ್ಗೀಕರಣದ ಮೆಟ್ಟಿಲುಗಳನ್ನು ಕಬ್ಬಿನ ಹುಳದ ಮೂಲಕ ಕಲಿಸಿದರೆ ಪಾಠ ಮಕ್ಕಳ ಬದುಕಿಗೆ ಹತ್ತಿರವಾಗುತ್ತದೆ ಎಂದುಕೊಂಡೆ. ಹಿಂದಿನ ದಿನ, “ಯಾರ ಹೊಲದಾಗ ಗೊಣ್ಣಿ ಹುಳಾ ಅದಾವು? ನಾಳೆ ತಗೊಂಡು ಬರ್ರಿ” ಎಂದು ಹೇಳಿದ್ದೆ.

ಮರುದಿನ ಒಬ್ಬ ಹುಡುಗಿ ಸ್ಟೀಲ್ ಡಬ್ಬಿಯಲ್ಲಿ ಐದು ಹುಳು ತಂದಳು. ಬೆಳ್ಳಗೆ, ಕೊಬ್ಬಿದಂತೆ, ಅರ್ಧಚಂದ್ರಾಕಾರವಾಗಿ ಸುರುಳಿ ಸುತ್ತಿಕೊಂಡಿದ್ದವು. ತಲೆ ಕಂದು, ಎದೆಯ ಭಾಗದಲ್ಲಿ ಮೂರು ಜೊತೆ ಕಾಲು. ನಾನು ಒಂದನ್ನು ಅಂಗೈಯಲ್ಲಿಟ್ಟು ತರಗತಿಗೆ ತೋರಿಸಿ, “ಇದೇ ನೋಡಿ, ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳು” ಎಂದೆ. ಕಪ್ಪುಹಲಗೆಯ ಮೇಲೆ ಮೇಲಿನಿಂದ ಕೆಳಕ್ಕೆ ಬರೆದೆ: ಸಾಮ್ರಾಜ್ಯ ಪ್ರಾಣಿ, ವಂಶ ಸಂಧಿಪದಿ, ವರ್ಗ ಕೀಟ, ಗಣ ಕೋಲಿಯಾಪ್ಟೆರ, ಕುಟುಂಬ ಸ್ಕ್ಯಾರಬೀಡೆ, ಕುಲ ಹೊಲೊಟ್ರೈಕಿಯಾ. ಮಕ್ಕಳು ಬರೆದುಕೊಂಡರು. ಹೊಲೊಟ್ರೈಕಿಯಾ ಎಂಬ ಹೆಸರನ್ನು ಎಲ್ಲರಿಂದಲೂ ಎರಡು ಸಲ ಹೇಳಿಸಿದೆ. ಗಂಟೆ ಬಾರಿಸಿತು. ಪಾಠ ಚೆನ್ನಾಯಿತೆಂಬ ಸಮಾಧಾನ ನನಗಿತ್ತು.

ಪಾಠ ವೀಕ್ಷಿಸಿದ ನಮ್ಮ ವಿಧಾನ ಅಧ್ಯಾಪಕರು ವೀಕ್ಷಣಾ ಹಾಳೆಯಲ್ಲಿ ಎರಡೇ ಸಾಲು ಬರೆದಿದ್ದರು: “ಜೀವಂತ ಮಾದರಿ ಬಳಸಿದ್ದು ಒಳ್ಳೆಯದು. ಹೆಸರಿಗೆ ಆಧಾರ ಏನು?” ಮೊದಲ ಸಾಲು ಓದಿ ಸಂತೋಷಪಟ್ಟೆ. ಎರಡನೆಯದನ್ನು ಓದಿ, ಹುಳು ಕಣ್ಣ ಮುಂದೆಯೇ ಇತ್ತಲ್ಲ, ಇನ್ನೇನು ಆಧಾರ ಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ತಿಪ್ಪೆಯವರೆಗೆ ಹೋದ ಪಾಠ

ಎರಡು ದಿನ ಬಿಟ್ಟು ಆ ಹುಡುಗಿ ಪ್ರಾರ್ಥನೆಗೆ ಮೊದಲೇ ನನ್ನ ಹತ್ತಿರ ಬಂದಳು.

“ಟೀಚರ್, ನೀವು ಹೇಳಿದ್ದನ್ನ ಅಪ್ಪಗ ಹೇಳಿದ್ನ್ರೀ. ತಿಪ್ಪ್ಯಾಗಿನ ಹುಳಾನ ಕಬ್ಬಿಗಿ ಹೋಗತಾವಂದ್ರ ಬಿಡಬಾರದಂತ ಹೇಳಿ, ಮನ್ಯಾಗ ಉಳದಿದ್ದ ಎಣ್ಣಿ ಎಲ್ಲಾ ತಿಪ್ಪ್ಯಾಗ ಸುರುವ್ಯಾನ್ರೀ. ಹುಳಾ ಎಲ್ಲಾ ಸತ್ತಾವು. ಚಲೋ ಆತಿಲ್ರೀ?”

ಆಗ ನನಗೆ ಹೊಳೆದ ಮೊದಲ ಸಂಗತಿ, ಆಕೆ ಹುಳು ತಂದದ್ದು ಹೊಲದಿಂದಲ್ಲ, ತಿಪ್ಪೆಯಿಂದ ಎಂಬುದು. ನಾನು ಕೇಳಿರಲೇ ಇಲ್ಲ. ಬಿಳಿ ಬಣ್ಣ, ಅರ್ಧಚಂದ್ರಾಕಾರ, ಕಂದು ತಲೆ, ಇಷ್ಟನ್ನು ನೋಡಿ ಪುಸ್ತಕದ ಚಿತ್ರಕ್ಕೆ ಹೋಲಿಸಿ ಕುಲದ ಹೆಸರು ಹೇಳಿದ್ದೆ. ವರ್ಷಪೂರ್ತಿ ಕೂಡಿಹಾಕಿದ ಗೊಬ್ಬರದ ಮೇಲೆ ಒಬ್ಬ ರೈತ ನನ್ನ ಮಾತು ನಂಬಿ ವಿಷ ಸುರಿದಿದ್ದ. ಹುಡುಗಿ ಶಹಬ್ಬಾಸ್ ಎನ್ನುವುದನ್ನು ಕಾಯುತ್ತ ನಿಂತಿದ್ದಳು.

ಆಕೆ ತಂದ ಹುಳುಗಳಲ್ಲಿ ಎರಡನ್ನು ನಾನು ಪ್ರಯೋಗಾಲಯದ ಕಪಾಟಿನಲ್ಲಿ ಸಗಣಿ ಗೊಬ್ಬರ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೆ. ಆ ದಿನ ಸಂಜೆ ಒಂದನ್ನು ಹಳೆಯ ದಿನಪತ್ರಿಕೆಯ ಮೇಲೆ ಬಿಟ್ಟೆ. ಅದು ಸ್ವಲ್ಪ ಹೊತ್ತು ಮುದುಡಿಕೊಂಡಿತ್ತು. ಆಮೇಲೆ ಮೈ ಬಿಚ್ಚಿ ಅಂಗಾತ ಮಲಗಿ, ಆರೂ ಕಾಲುಗಳನ್ನು ಮೇಲೆ ಮಾಡಿ, ಬೆನ್ನಿನ ಮಡಿಕೆಗಳನ್ನು ಅಲೆಯಂತೆ ಕುಗ್ಗಿಸಿ ಹಿಗ್ಗಿಸಿ ಕಾಗದದ ಅಂಚಿನವರೆಗೆ ನೆಟ್ಟಗೆ ಸಾಗಿತು. ಹೊರಳಿಸಿ ಕಾಲ ಮೇಲೆ ನಿಲ್ಲಿಸಿದೆ. ಮತ್ತೆ ಅಂಗಾತವಾಗಿ ಬೆನ್ನ ಮೇಲೆಯೇ ನಡೆಯಿತು. ಕಾಲಿದ್ದೂ ಬೆನ್ನ ಮೇಲೆ ನಡೆಯುವ ಈ ಹುಳು ಯಾವುದೆಂದು ಹುಡುಕಲು ಹೊರಟಾಗ ವರ್ಗೀಕರಣ ನನಗೆ ಮೊದಲ ಸಲ ಕೆಲಸಕ್ಕೆ ಬಂದ ವಿದ್ಯೆಯಾಯಿತು.

ಒಂದು ಹೆಸರು, ಮೂರು ಕುಲ

ನಮ್ಮ ಕಡೆ ಗೊಣ್ಣೆಹುಳು ಎಂಬ ಒಂದೇ ಹೆಸರು ಸ್ಕ್ಯಾರಬೀಡೆ ಕುಟುಂಬದ ಎಲ್ಲ ಬಿಳಿ ಮರಿಹುಳುಗಳಿಗೂ ಸಲ್ಲುತ್ತದೆ. ಈ ಕುಟುಂಬದ ದುಂಬಿಗಳ ಗುರುತು ಅವುಗಳ ಸ್ಪರ್ಶಾಂಗದ ತುದಿ: ಪುಸ್ತಕದ ಹಾಳೆಗಳಂತೆ ಬಿಚ್ಚಿ ಮುಚ್ಚುವ ಕೆಲವು ಎಸಳುಗಳು ಅಲ್ಲಿರುತ್ತವೆ. ಮರಿಹುಳುಗಳು ಮೇಲುನೋಟಕ್ಕೆ ಒಂದೇ ತರಹ. ಆದರೆ ಕುಟುಂಬದೊಳಗೆ ಹಲವು ಉಪಕುಟುಂಬಗಳಿವೆ, ಅವುಗಳ ಆಹಾರ ಬೇರೆ, ನಡೆ ಬೇರೆ. ನಮ್ಮ ಮಕ್ಕಳಿಗೆ ಸಿಗಬಹುದಾದ ಮೂರನ್ನು ಹೇಳುತ್ತೇನೆ.

ಮೊದಲನೆಯದು ಹೊಲೊಟ್ರೈಕಿಯಾ, ಮೆಲೊಲೊಂಥಿನೇ ಉಪಕುಟುಂಬದ್ದು. ಕಬ್ಬಿನ ಬೇರು ತಿನ್ನುವ ಹುಳು ಇದು. ದಕ್ಷಿಣ ಭಾರತದ ಕಬ್ಬಿನಲ್ಲಿ ಇದರ ಹೊಲೊಟ್ರೈಕಿಯಾ ಸೆರಾಟ ಎಂಬ ಪ್ರಭೇದ ಹೆಸರಾದದ್ದು. ಕೃಷ್ಣೆಯ ಮೇಲ್ದಂಡೆಯ ಕೊಲ್ಹಾಪುರ, ಸಾಂಗ್ಲಿ ಕಡೆ ಇದೇ ಉಪಕುಟುಂಬದ ಲ್ಯೂಕೊಫೋಲಿಸ್ ಕುಲವೂ ಕಬ್ಬಿಗೆ ಕಾಟ ಕೊಡುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಕಂದು ದುಂಬಿಗಳು ಮಣ್ಣಿನಿಂದೆದ್ದು ಬೇವು, ಜಾಲಿ, ಬಾರಿ ಗಿಡಗಳ ಮೇಲೆ ಕೂತು ಎಲೆ ತಿನ್ನುತ್ತವೆ, ಬೆಳಗಾಗುವುದರೊಳಗೆ ಮಣ್ಣಿಗೆ ಮರಳುತ್ತವೆ. ಹೆಣ್ಣು ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಮಳೆಗಾಲವಿಡೀ ಬೇರು ತಿಂದು ಬೆಳೆಯುತ್ತದೆ. ಕಬ್ಬು ಹಳದಿಯಾಗಿ ಒಣಗಿ, ಕೈಯಿಂದ ಎಳೆದರೆ ಬುಡಸಮೇತ ಕಿತ್ತುಬರುತ್ತದೆ. ಹಳೆಯ ಕೃಷಿ ಪುಸ್ತಕಗಳಲ್ಲಿ ಈ ಕುಲದ ಹುಳುಗಳಿಗೆ ಲ್ಯಾಕ್ನೊಸ್ಟರ್ನಾ ಎಂಬ ಹೆಸರೂ ಕಾಣುತ್ತದೆ. ಸಾಕ್ಷ್ಯ ಹೆಚ್ಚಿದಂತೆ ಕುಲದ ಗೆರೆಗಳು ಬದಲಾಗುತ್ತವೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಉದಾಹರಣೆ.

ಎರಡನೆಯದು ಒರಿಕ್ಟೆಸ್, ಡೈನಾಸ್ಟಿನೇ ಉಪಕುಟುಂಬದ್ದು. ತೆಂಗಿನ ಸುಳಿ ಕೊರೆಯುವ, ತಲೆಯ ಮೇಲೆ ಕೊಂಬಿರುವ ಕಪ್ಪು ದುಂಬಿ. ಲಿನ್ನೇಯಸ್ 1758ರಲ್ಲೇ ಹೆಸರಿಟ್ಟ ಪ್ರಭೇದ ಇದು. ಇದರ ಮರಿ ಬೆಳೆಯುವುದು ತಿಪ್ಪೆಯಲ್ಲಿ, ಕೊಳೆತ ತೆಂಗಿನ ದಿಮ್ಮಿಯಲ್ಲಿ. ಹೆಬ್ಬೆರಳಿಗಿಂತ ದಪ್ಪವಾಗುತ್ತದೆ. ಮರಿ ಕಬ್ಬಿನ ಬೇರಿನ ತಂಟೆಗೆ ಹೋಗುವುದಿಲ್ಲ, ಆದರೆ ಅದು ದುಂಬಿಯಾದ ಮೇಲೆ ತೆಂಗಿಗೆ ಶತ್ರು.

ಮೂರನೆಯದು ನನ್ನನ್ನು ತಪ್ಪಿಸಿದ್ದು: ಪ್ರೊಟೇಶಿಯಾ, ಸೆಟೋನಿನೇ ಉಪಕುಟುಂಬದ್ದು. 1842ರಲ್ಲಿ ಬರ್ಮೈಸ್ಟರ್ ಸ್ಥಾಪಿಸಿದ ಕುಲ. ನಮ್ಮಲ್ಲಿ ಇದನ್ನು ಬಲ್ಲವರು ಕಡಿಮೆ. ಬೆಳೆಯ ದೊಡ್ಡ ಪೀಡೆಯಲ್ಲವಾದ್ದರಿಂದ ಕೃಷಿ ಕರಪತ್ರಗಳಲ್ಲಿ ಇದರ ಹೆಸರು ಬರುವುದಿಲ್ಲ. ದುಂಬಿಗಳು ಹಗಲಿನಲ್ಲಿ ಹಾರಾಡಿ ಹೂವಿನ ಪರಾಗ, ಮಕರಂದ, ಗಿಡದ ರಸ, ಮಾಗಿದ ಹಣ್ಣಿನ ರಸ ಸೇವಿಸುತ್ತವೆ. ಈ ಉಪಕುಟುಂಬವನ್ನು ಹೂದುಂಬಿಗಳು ಎಂದು ಕರೆಯಬಹುದು. ಮರಿಹುಳು ಕೊಳೆತ ಸಗಣಿ, ಎಲೆ, ಕಸ ತಿಂದು ಸಣ್ಣ ಉಂಡೆಗಳಾಗಿ ಹೊರಹಾಕುತ್ತದೆ. ಒಂದು ಮಾತಿನಲ್ಲಿ ಹೇಳುವುದಾದರೆ ಗೊಬ್ಬರ ಮಾಡುವುದರಲ್ಲಿ ಎರೆಹುಳದ ಜೊತೆಗಾರ. ಇದರ ಉಪಕುಟುಂಬದ ಮರಿಹುಳುಗಳ ದೊಡ್ಡ ಗುರುತು ಬೆನ್ನ ಮೇಲಿನ ನಡಿಗೆ. ಅವುಗಳ ಕಾಲು ಮೈಗೆ ಹೋಲಿಸಿದರೆ ಗಿಡ್ಡ. ಬೆನ್ನಿನ ಮಡಿಕೆಗಳ ಮೇಲಿನ ಬಿರುಗೂದಲು ನೆಲವನ್ನು ಹಿಡಿಯುತ್ತದೆ.

ಅಂದರೆ ಆ ತಿಪ್ಪೆಯಲ್ಲಿ ಸತ್ತದ್ದು ಕಬ್ಬಿನ ಶತ್ರುವಲ್ಲ, ಗೊಬ್ಬರ ಹದ ಮಾಡುತ್ತಿದ್ದ ಹುಳು.

ಕೀಲಿ

ಎರಡನೆಯ ಪಾಠಕ್ಕೆ ಒಂದು ಕವಲುಕೀಲಿ ಸಿದ್ಧಮಾಡಿದೆ. ಪ್ರತಿ ಹಂತದಲ್ಲಿ ಎರಡೇ ಆಯ್ಕೆ; ಮಗು ಕಣ್ಣಾರೆ ನೋಡಿ ಒಂದನ್ನು ಆರಿಸಬೇಕು.

1ಅ. ಗೋಣಿತಟ್ಟಿನ ಮೇಲೆ ಬಿಟ್ಟಾಗ ಅಂಗಾತ ಮಲಗಿ ಬೆನ್ನ ಮೇಲೆ ಸಾಗುತ್ತದೆ: ಸೆಟೋನಿನೇ (ಹೂದುಂಬಿಯ ಮರಿ).
1ಆ. ಬೆನ್ನ ಮೇಲೆ ಸಾಗುವುದಿಲ್ಲ. ಮುದುಡಿ ಮಗ್ಗುಲಾಗಿ ಬೀಳುತ್ತದೆ ಅಥವಾ ಮಗ್ಗುಲಲ್ಲೇ ತೆವಳುತ್ತದೆ: 2ಕ್ಕೆ ಹೋಗಿ.

2ಅ. ಮೈಯ ಕೊನೆಯ ಭಾಗದಲ್ಲಿ ಗುದದ ಸೀಳು ಕವಣೆಯ ಕವಲಿನಂತೆ ಮೂರು ಕಡೆ ಒಡೆದಿದೆ: ಮೆಲೊಲೊಂಥಿನೇ (ಬೇರುಹುಳದ ಗುಂಪು, ಹೊಲೊಟ್ರೈಕಿಯಾ ಇಲ್ಲಿ ಸೇರುತ್ತದೆ).
2ಆ. ಗುದದ ಸೀಳು ಒಂದೇ ಅಡ್ಡಗೀಟು: 3ಕ್ಕೆ ಹೋಗಿ.

3ಅ. ತಿಪ್ಪೆಯಲ್ಲಿ ಅಥವಾ ಕೊಳೆತ ದಿಮ್ಮಿಯಲ್ಲಿ ಸಿಕ್ಕಿದೆ. ಬಲಿತದ್ದು ಹೆಬ್ಬೆರಳಿಗಿಂತ ದಪ್ಪ: ಡೈನಾಸ್ಟಿನೇ (ಹೆಚ್ಚಾಗಿ ಒರಿಕ್ಟೆಸ್).
3ಆ. ಇವೆರಡೂ ಹೊಂದುವುದಿಲ್ಲ: ಇಲ್ಲಿಗೆ ನಿಲ್ಲಿಸಿ, “ಸ್ಕ್ಯಾರಬೀಡೆ ಕುಟುಂಬದ ಮರಿಹುಳು” ಎಂದಷ್ಟೇ ಬರೆಯಿರಿ.

ಈ ಕೀಲಿ ಮರಿಹುಳವನ್ನು ಉಪಕುಟುಂಬದವರೆಗೆ ಮಾತ್ರ ಒಯ್ಯುತ್ತದೆ ಎಂಬುದನ್ನು ಗಮನಿಸಬೇಕು. ಬೆನ್ನ ಮೇಲೆ ನಡೆದ ಮಾತ್ರಕ್ಕೆ ಅದು ಪ್ರೊಟೇಶಿಯಾ ಎನ್ನುವಂತಿಲ್ಲ. ಆ ಉಪಕುಟುಂಬದಲ್ಲಿ ಬೇರೆ ಕುಲಗಳೂ ಇವೆ. ಕುಲ ತಿಳಿಯಬೇಕಾದರೆ ಮರಿಯನ್ನು ಸಾಕಿ ದುಂಬಿಯಾಗುವವರೆಗೆ ಕಾಯಬೇಕು. ಮೊದಲ ಪಾಠದಲ್ಲಿ ನಾನು ಎರಡು ಮೆಟ್ಟಿಲು ಹಾರಿದ್ದೆ, ಅದೂ ತಪ್ಪು ದಿಕ್ಕಿಗೆ.

ಎರಡನೆಯ ಪಾಠ

ತರಗತಿಗೆ ಹೋದೊಡನೆ ಹಲಗೆಯ ಮೇಲೆ ಹಿಂದಿನ ಮೆಟ್ಟಿಲನ್ನೇ ಬರೆದು, ಕೊನೆಯ ಸಾಲಿಗೆ ಗೆರೆ ಹೊಡೆದು, “ಇದು ತಪ್ಪು. ನಾನೇ ತಪ್ಪು ಹೇಳಿದ್ದೆ” ಎಂದೆ. ತರಗತಿ ಸ್ತಬ್ಧವಾಯಿತು. ಹಿಂದಿನ ಬೆಂಚಿನ ಹುಡುಗ, “ಹಂಗಾದ್ರ ಪೆನ್ನಿಲೆ ಬರದದ್ದನ್ನ ಏನ ಮಾಡೂನ್ರೀ?” ಎಂದ. ಅಳಿಸಬೇಡಿ, ಗೆರೆ ಹೊಡೆದು ಪಕ್ಕದಲ್ಲಿ ಕಾರಣ ಬರೆಯಿರಿ ಎಂದೆ. ವಿಜ್ಞಾನದ ದಾಖಲೆಯಲ್ಲಿ ತಪ್ಪನ್ನು ಹಾಗೆಯೇ ತಿದ್ದುವುದು ಎಂದು ವಿವರಿಸಿದೆ. ಆ ಒಂದು ಪ್ರಶ್ನೆಗೆ ಐದು ನಿಮಿಷ ಹೋಯಿತು, ಹೋದದ್ದು ಸಾರ್ಥಕ.

ಆರಾರು ಮಕ್ಕಳ ಗುಂಪು ಮಾಡಿದೆ. ಪ್ರತಿ ಗುಂಪಿಗೆ ಒಂದು ಗೋಣಿತಟ್ಟು, ಒಂದು ಹುಳು, ಕೀಲಿಯ ಹಾಳೆ. ಈ ಸಲ ಹುಳು ತಂದವರು ಚೀಟಿಯಲ್ಲಿ ಮೂರು ಸಂಗತಿ ಬರೆಯಬೇಕಿತ್ತು: ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾವ ದಿನ. ಹುಳವನ್ನು ಬಿಡುವ ಮೊದಲು ಪ್ರತಿ ಗುಂಪೂ ತನ್ನ ಊಹೆ ಬರೆಯಿತು. ಹೆಚ್ಚಿನವರು “ಕಾಲಿನ ಮೇಲೆ ನಡೆಯುತ್ತದೆ” ಎಂದೇ ಬರೆದರು. ಬಿಟ್ಟ ಮೇಲೆ ಒಂದು ಗುಂಪಿನಿಂದ ಕೂಗು ಬಂತು: “ಟೀಚರ್, ಇದು ಉಲ್ಟಾ ಹೊಂಟೈತ್ರೀ!” ಎಲ್ಲರೂ ಎದ್ದು ನೋಡಿದರು. ಮಕ್ಕಳೇ ಅದಕ್ಕೆ “ಬೆನ್ನನಡಿಗಿ ಹುಳಾ” ಎಂದು ಹೆಸರಿಟ್ಟರು. ಸೆಟೋನಿನೇ ಎಂಬುದನ್ನು ನಾನು ಆಮೇಲೆ ಹಲಗೆಯ ಮೇಲೆ ಅದರ ಪಕ್ಕ ಬರೆದೆ. ನೋಡಿದ ಲಕ್ಷಣ ಮೊದಲು, ಹೆಸರು ನಂತರ ಎಂಬ ಈ ಕ್ರಮವನ್ನು ಕೊನೆಯವರೆಗೂ ಬಿಡಲಿಲ್ಲ.

ಪರಿಭಾಷೆಯ ಒಂದು ಮಾತು. ನಮ್ಮ ಪುಸ್ತಕಗಳಲ್ಲಿ ಈ ಮೆಟ್ಟಿಲಿಗೆ ಜಾತಿ ಎಂದೂ ಕುಲ ಎಂದೂ ಎರಡು ಪದ ಬಳಕೆಯಲ್ಲಿವೆ. “ಇದು ಯಾವ ಜಾತಿ?” ಎಂದು ಕೇಳಿದರೆ ತರಗತಿಯಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ, ಕೆಲವರು ತಲೆ ತಗ್ಗಿಸುತ್ತಾರೆ. ಕುಲ ಎಂದರೂ ಆ ನೆರಳು ಪೂರ್ತಿ ಹೋಗದು. ಆದ್ದರಿಂದ ಮೊದಲೇ ಹೇಳಿಬಿಟ್ಟೆ: ಹುಳಗಳಲ್ಲಿ ಮಾಡುವ ಈ ವಿಂಗಡಣೆ ಕಣ್ಣಿಗೆ ಕಾಣುವ ಮೈಲಕ್ಷಣದ ಮೇಲೆ ನಿಂತದ್ದು, ಸಾಕ್ಷ್ಯ ಬಂದರೆ ಬದಲಾಗುವಂಥದ್ದು, ಇದರಲ್ಲಿ ಮೇಲು ಕೀಳು ಇಲ್ಲ, ಮನುಷ್ಯರೆಲ್ಲರೂ ಒಂದೇ ಪ್ರಭೇದ. ಈ ಘಟಕದಲ್ಲಿ ಆ ವಾಕ್ಯವನ್ನು ಹೇಳದೆ ಮುಂದೆ ಹೋಗಬಾರದೆಂಬುದು ನನ್ನ ಅಭಿಪ್ರಾಯ.

ನಾಲ್ಕು ತಾಲ್ಲೂಕುಗಳಲ್ಲಿ ಕೀಲಿಯ ಪರೀಕ್ಷೆ

ನನ್ನ ಸಹಪಾಠಿಗಳು ಮೂವರು ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಶಾಲೆಗಳಲ್ಲಿದ್ದರು. ಒಂದು ಶಾಲೆಯಲ್ಲಿ ನಡೆದ ಕೀಲಿ ಇನ್ನೊಂದರಲ್ಲಿ ನಡೆದೀತೇ ಎಂದು ನೋಡಲು ಅವರಿಗೂ ಅದನ್ನು ಕೊಟ್ಟೆ. ಮೂರೂ ಕಡೆ ಕೀಲಿ ಒಂದಲ್ಲ ಒಂದು ಕಡೆ ಮುಗ್ಗರಿಸಿತು. ಆ ಮುಗ್ಗರಿಕೆಗಳೇ ನಮಗೆ ಹೆಚ್ಚು ಕಲಿಸಿದವು.

ಮುಧೋಳದ ಶಾಲೆಯಲ್ಲಿ ನುಣುಪಾದ ಟೈಲ್ಸ್ ನೆಲದ ಮೇಲೆ ಹುಳು ಬಿಟ್ಟಿದ್ದರು. ಅದು ಅಂಗಾತವಾಯಿತು, ಆದರೆ ಒಂದಿಂಚೂ ಸರಿಯಲಿಲ್ಲ. ಮಕ್ಕಳು 1ಆ ಆರಿಸಿದರು. ಬೆನ್ನಿನ ಬಿರುಗೂದಲಿಗೆ ಹಿಡಿತ ಸಿಗದಿದ್ದದ್ದೇ ಕಾರಣ. ಗೋಣಿತಟ್ಟು ಹಾಸಿದ ಮೇಲೆ ಅದೇ ಹುಳು ನಡೆಯಿತು. ನನ್ನ ಮೊದಲ ಹಾಳೆಯಲ್ಲಿ “ಮೇಜಿನ ಮೇಲೆ ಬಿಡಿ” ಎಂದಿತ್ತು. “ಗೋಣಿತಟ್ಟಿನ ಮೇಲೆ” ಎಂಬ ತಿದ್ದುಪಡಿ ಬಂದದ್ದು ಅಲ್ಲಿಂದ. ಗಾಯಗೊಂಡ, ಪೊರೆ ಬಿಡುತ್ತಿರುವ ಹುಳವೂ ನಡೆಯುವುದಿಲ್ಲ. ಆದ್ದರಿಂದ ಮೂರು ಸಲ ಬಿಟ್ಟು ನೋಡಬೇಕು, ಸಾಧ್ಯವಾದರೆ ಒಂದೇ ಜಾಗದ ಇನ್ನೊಂದು ಹುಳವನ್ನೂ ನೋಡಬೇಕು ಎಂಬ ಸೂಚನೆ ಸೇರಿಸಿದೆವು.

ಬೀಳಗಿಯ ಶಾಲೆ ಇರುವುದು ಆಲಮಟ್ಟಿ ಹಿನ್ನೀರಿನಿಂದ ಸ್ಥಳಾಂತರವಾದ ಕುಟುಂಬಗಳ ಪುನರ್ವಸತಿ ಊರಿನಲ್ಲಿ. ಅಲ್ಲಿನ ತೊಡಕು ಎರಡನೆಯ ಹಂತದ್ದು. ಗುದದ ಸೀಳು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣಲಿಲ್ಲ, ಶಾಲೆಯಲ್ಲಿ ಭೂತಗನ್ನಡಿ ಇರಲಿಲ್ಲ. ನಮ್ಮ ಗೆಳತಿ ತನ್ನ ಮೊಬೈಲ್ ಕ್ಯಾಮೆರಾದ ಗಾಜಿನ ಮೇಲೆ ಒಂದು ಸಣ್ಣ ನೀರಹನಿ ಇಟ್ಟು, ಹನಿ ಕೆಳಗೆ ಬೀಳದಂತೆ ನಿಧಾನವಾಗಿ ತಿರುಗಿಸಿ ಹುಳದ ಹತ್ತಿರ ಹಿಡಿದಳು. ನೀರಹನಿ ಪೀನಮಸೂರದಂತೆ ಕೆಲಸ ಮಾಡಿ ಸೀಳು ತೆರೆಯ ಮೇಲೆ ದೊಡ್ಡದಾಗಿ ಕಂಡಿತು. ಬೆಳಕಿನ ಪಾಠಕ್ಕೂ ಇದರಿಂದ ಒಂದು ಕೊಂಡಿ ಸಿಕ್ಕಿತು.

ರಬಕವಿ-ಬನಹಟ್ಟಿಯಲ್ಲಿ ಬೇರೆಯೇ ಪರಿಸ್ಥಿತಿ. ತರಗತಿಯಲ್ಲಿ ಹೆಚ್ಚಿನವರು ನೇಕಾರರ ಮಕ್ಕಳು. ಮನೆಯಲ್ಲಿ ಮಗ್ಗವಿದೆ, ಹೊಲವಿಲ್ಲ, ತಿಪ್ಪೆಯಿಲ್ಲ. “ನಮ್ಮಲ್ಲಿ ಹುಳಾ ಇಲ್ರೀ” ಎಂದರಂತೆ. ಪಾಠಯೋಜನೆ ಮಾಡುವಾಗ ನಾನು ಎಲ್ಲ ಮಕ್ಕಳ ಮನೆಯಲ್ಲೂ ಹೊಲವಿದೆ ಎಂದು ಭಾವಿಸಿದ್ದೆ; ಇದು ನನ್ನ ಎರಡನೆಯ ತಪ್ಪು. ಅಲ್ಲಿನ ಪ್ರಶಿಕ್ಷಣಾರ್ಥಿ ಮಿತ್ರ ಯೋಚಿಸಿ, ಮಳೆಯಾದ ರಾತ್ರಿ ಬೀದಿದೀಪದ ಕೆಳಗೆ ಬಿದ್ದ ದುಂಬಿ ತರಲು ಹೇಳಿದ. ಮರುದಿನ ಬೆಂಕಿಪೊಟ್ಟಣಗಳಲ್ಲಿ ಕಂದು ದುಂಬಿಗಳು ಬಂದವು.

ದುಂಬಿಗಳಿಗೆ ಬೇರೆ ಕೀಲಿ ಬೇಕಾಯಿತು. ಹೂದುಂಬಿಯನ್ನು ಮೇಲಿನಿಂದ ನೋಡಿದರೆ ಎದೆಯ ಫಲಕಕ್ಕೂ ಗಟ್ಟಿರೆಕ್ಕೆಯ ಬುಡದ ಹೊರಮೂಲೆಗೂ ನಡುವೆ ಒಂದು ತ್ರಿಕೋನದ ತುಣುಕು ಎರಡೂ ಬದಿಗೆ ಎದ್ದು ಕಾಣುತ್ತದೆ. ಗಟ್ಟಿರೆಕ್ಕೆಯ ಹೊರ ಅಂಚಿನಲ್ಲಿ, ಭುಜದ ಹಿಂದೆ, ಒಂದು ತಗ್ಗು ಇರುತ್ತದೆ. ಹೂದುಂಬಿ ಹಾರುವಾಗ ಗಟ್ಟಿರೆಕ್ಕೆಗಳನ್ನು ಅಗಲಿಸುವುದಿಲ್ಲ. ಒಳಗಿನ ತೆಳುರೆಕ್ಕೆಗಳನ್ನು ಆ ತಗ್ಗಿನಿಂದಲೇ ಹೊರಚಾಚುತ್ತದೆ. ಬೀದಿದೀಪದ ಕಂದು ದುಂಬಿಗಳಲ್ಲಿ ಈ ತ್ರಿಕೋನವೂ ಇರಲಿಲ್ಲ, ತಗ್ಗೂ ಇರಲಿಲ್ಲ.

ಹೂದುಂಬಿ ಒಂದೂ ಸಿಗದ್ದರಿಂದ ಮಕ್ಕಳು “ನಮ್ಮ ಊರಾಗ ಹೂದುಂಬಿ ಇಲ್ಲ” ಎಂದು ತೀರ್ಮಾನ ಬರೆದರು. ಮಿತ್ರ ಒಂದೇ ಪ್ರಶ್ನೆ ಕೇಳಿದ: “ನೀವು ನೋಡಿದ್ದು ಯಾವಾಗ?” ರಾತ್ರಿ. ಹೂದುಂಬಿ ಹಾರುವುದು ಹಗಲಿನಲ್ಲಿ. ಆಗಸ್ಟಿನಲ್ಲಿ ಊರಂಚಿನ ಗೋವಿನಜೋಳ ಸೂಲಂಗಿ ಬಿಟ್ಟಾಗ ಒಬ್ಬ ಹುಡುಗ ಹಗಲಿನಲ್ಲಿ ಹೋಗಿ, ಮೈಯೆಲ್ಲ ಪರಾಗ ಮೆತ್ತಿಕೊಂಡಿದ್ದ ಹೂದುಂಬಿ ಹಿಡಿದು ತಂದ. ಕಾಣಲಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸ ಆ ತರಗತಿಗೆ ಹಾಗೆ ಅರ್ಥವಾಯಿತು.

ಡಬ್ಬಿಯಲ್ಲಿ ಆದದ್ದು

ನಮ್ಮ ಶಾಲೆಯ ಕಪಾಟಿನಲ್ಲಿದ್ದ ಎರಡು ಹುಳುಗಳ ಜವಾಬ್ದಾರಿಯನ್ನು ಆ ಹುಡುಗಿಗೇ ಕೊಟ್ಟಿದ್ದೆ. ಎರಡು ದಿನಕ್ಕೊಮ್ಮೆ ನೀರು ಚಿಮುಕಿಸುವುದು, ತಾರೀಖು ಹಾಕಿ ಬರೆಯುವುದು ಆಕೆಯ ಕೆಲಸ. ಜುಲೈ ಮೊದಲ ವಾರದಲ್ಲಿ ಹುಳು ಕಾಣೆಯಾದವೆಂದು ಗಾಬರಿಯಾದಳು. ಗೊಬ್ಬರದೊಳಗೆ ಮೊಟ್ಟೆಯಾಕಾರದ ಎರಡು ಗಟ್ಟಿ ಉಂಡೆಗಳಿದ್ದವು. ಮರಿಹುಳು ಮಣ್ಣು, ಗೊಬ್ಬರ ಮತ್ತು ತನ್ನದೇ ಹಿಕ್ಕೆ ಸೇರಿಸಿ ಕಟ್ಟಿದ ಗೂಡು ಅದು. ಅದರೊಳಗೆ ಕೋಶಾವಸ್ಥೆ ಕಳೆಯುತ್ತದೆ. ಒಡೆಯದೆ ಹಾಗೇ ಬಿಟ್ಟೆವು. ಸುಮಾರು ಒಂದು ತಿಂಗಳಿಗೆ ಒಂದು ಗೂಡು ಒಡೆದು ದುಂಬಿ ಹೊರಬಂತು: ತಾಮ್ರದ ಹೊಳಪು, ರೆಕ್ಕೆಯ ಮೇಲೆ ಬಿಳಿ ಚುಕ್ಕೆ. ಇನ್ನೊಂದು ಗೂಡಿನಿಂದ ಏನೂ ಬರಲಿಲ್ಲ.

ಭಾರತದ ಹೂದುಂಬಿಗಳಿಗೆ ಇಂದಿಗೂ ಆಧಾರವಾಗಿರುವ ಒಂದು ಹಳೆಯ ಗ್ರಂಥ, ಗಿಲ್ಬರ್ಟ್ ಆರೋ 1910ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಗೆ ಬರೆದ ಸಂಪುಟ. ಸೆಟೋನಿನೇ ಮತ್ತು ಡೈನಾಸ್ಟಿನೇ ಎರಡೂ ಅದರಲ್ಲೇ ಇವೆ. ಅದರ ಕೀಲಿಗಳನ್ನು ಹಿಡಿದು ದುಂಬಿಯ ಎದೆಫಲಕದ ಹಿಂದಂಚು ನೋಡಿದೆವು. ನಡುವಿನಲ್ಲಿ ಒಳಕ್ಕೆ ಬಾಗಿತ್ತು. ಹೊಟ್ಟೆಯ ಕಡೆ, ನಡುಗಾಲುಗಳ ನಡುವೆ ಮುಂದಕ್ಕೆ ಚಾಚಿದ ಗುಬುಟು ನೋಡಿದೆವು, ತುದಿ ಅಗಲವಾಗಿತ್ತು. ರೆಕ್ಕೆಯಂಚಿನ ತಗ್ಗು, ಬದಿಯ ತ್ರಿಕೋನ ಮೊದಲೇ ಕಂಡಿದ್ದವು. ಇಷ್ಟಾದ ಮೇಲೆ ದಾಖಲೆಯಲ್ಲಿ “ಕುಲ: ಪ್ರೊಟೇಶಿಯಾ” ಎಂದು ಬರೆದೆವು. ಒಬ್ಬ ಹುಡುಗ, “ಪ್ರಭೇದಾನೂ ಬರಿಯೂನ್ರೀ” ಎಂದ. ಪ್ರಭೇದಕ್ಕೆ ತಜ್ಞರು ಗಂಡು ದುಂಬಿಯ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಿ, ಸಂಗ್ರಹಾಲಯದ ಮಾದರಿಯೊಂದಿಗೆ ಹೋಲಿಸುತ್ತಾರೆ, ನಮ್ಮ ಆಧಾರ ಕುಲದವರೆಗೆ ಸಾಕು ಎಂದೆ. ಆಧಾರ ಮುಗಿದ ಕಡೆ ಹೆಸರೂ ನಿಲ್ಲಬೇಕು.

ಆಗಸ್ಟ್ ಕೊನೆಗೆ ಇನ್ನೊಬ್ಬ ಹುಡುಗ ಒಣಗಿದ ಕಬ್ಬಿನ ಬುಡದಿಂದ ಮಣ್ಣುಸಮೇತ ಹುಳು ತಂದ. ಈ ಸಲ ನಾನು ಬಾಯಿ ತೆರೆಯಲಿಲ್ಲ. ಮಕ್ಕಳೇ ಗೋಣಿತಟ್ಟು ಹಾಸಿದರು. ಹುಳು ಮುದುಡಿ ಮಗ್ಗುಲಾಯಿತು, ಬೆನ್ನ ಮೇಲೆ ನಡೆಯಲಿಲ್ಲ. ಸೀಳು ಕವಲೊಡೆದಿತ್ತು. “ಮೆಲೊಲೊಂಥಿನೇ, ಬೇರುಹುಳಾ” ಎಂದು ಬರೆದು, ಪಕ್ಕದಲ್ಲಿ ಎರಡು ಕಾರಣ ಬರೆದರು.

ಮೌಲ್ಯಮಾಪನ

ಲಿಖಿತ ಪರೀಕ್ಷೆಯಲ್ಲಿ “ಗೊಣ್ಣೆಹುಳದ ಕುಲ ಯಾವುದು?” ಎಂಬ ನನ್ನ ಹಳೆಯ ಪ್ರಶ್ನೆಯನ್ನು ತೆಗೆದುಹಾಕಿದೆ. ಅದರ ಬದಲು ಕೇಳಿದ್ದು: “ಒಬ್ಬ ರೈತ ತಿಪ್ಪೆಯಲ್ಲಿ ಬಿಳಿ ಹುಳು ಕಂಡು ಔಷಧ ತರಲು ಹೊರಟಿದ್ದಾನೆ. ಹೋಗುವ ಮೊದಲು ಅವನು ನೋಡಬೇಕಾದ ಎರಡು ಸಂಗತಿ ಯಾವುವು? ಏಕೆ?” ಈ ಪ್ರಶ್ನೆಗೆ ಕಂಠಪಾಠದ ಉತ್ತರವಿಲ್ಲ. ಹೆಸರು ಮರೆತ ಮಗುವೂ ನಡಿಗೆ, ಸೀಳು, ಸಿಕ್ಕ ಜಾಗ ಇವುಗಳಿಂದ ಪೂರ್ಣ ಅಂಕ ಪಡೆಯಬಹುದು.

ಇದನ್ನು ಮಾಡಲಿಚ್ಛಿಸುವವರಿಗೆ ಕೆಲವು ಸೂಚನೆ. ಹುಳು ತೆಗೆಯಲು ಮಕ್ಕಳು ಔಷಧ ಹಾಕಿದ ಹೊಲಕ್ಕೆ ಹೋಗಬಾರದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ತಿಪ್ಪೆಯ ಹುಳವನ್ನು ಪಾಠ ಮುಗಿದ ಮೇಲೆ ತಿಪ್ಪೆಗೇ ಬಿಡಬೇಕು. ಮಾದರಿಗಾಗಿ ಕೊಲ್ಲುವ ಅಗತ್ಯವಿಲ್ಲ. ಬೀದಿದೀಪದ ಕೆಳಗೆ ಸತ್ತುಬಿದ್ದ ದುಂಬಿಗಳು ಸಾಕು.

ತಿಪ್ಪೆಯ ಹತ್ತಿರ

ಎರಡನೆಯ ಪಾಠವಾದ ವಾರವೇ ಆ ಹುಡುಗಿಯ ಮನೆಗೆ ಹೋಗಿದ್ದೆ. ತಪ್ಪು ನನ್ನದು ಎಂದು ಅವರ ತಂದೆಗೆ ಹೇಳಿದೆ. ಔಷಧ ಬಿದ್ದ ಗೊಬ್ಬರವನ್ನು ಬೇರೆ ತೆಗೆದಿಡಲು, ಕಾಯಿಪಲ್ಲೆಗೆ ಹಾಕದಿರಲು, ಮುಂದೇನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಲು ವಿನಂತಿಸಿದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹೋಗ್ಲಿ ಬಿಡ್ರಿ ಟೀಚರ್. ಆದ್ರ ತಿಪ್ಪ್ಯಾಗಿಂದು ಅಲ್ಲಂದ್ರ, ಕಬ್ಬಿನ್ಯಾಗಿನ ಹುಳಾ ಎಲ್ಲಿಂದ ಬರತಾವ್ರೀ?”

ನನ್ನ ಪಾಠಯೋಜನೆಯ ಯಾವ ಪ್ರಶ್ನೆಗಿಂತಲೂ ಒಳ್ಳೆಯ ಪ್ರಶ್ನೆ ಅದು. ಮೊದಲ ಮಳೆ, ಬೇವಿನ ಗಿಡ, ಕಂದು ದುಂಬಿ, ಮಣ್ಣಿನೊಳಗಿನ ಮೊಟ್ಟೆ, ಹೀಗೆ ಹೇಳುತ್ತ ಹೋದೆ. “ಮಿರಗದ ಮಳಿಗಿ ಬೇವಿನ ಗಿಡದಾಗ ಗುಂಯ್ ಅಂತಾವಲ್ರೀ, ಅವನ?” ಎಂದರು. ಅವೇ. ಸಣ್ಣವರಿದ್ದಾಗಿನಿಂದ ಅವರು ಆ ದುಂಬಿಯನ್ನು ನೋಡಿದ್ದರು, ಕಬ್ಬಿನ ಹುಳವನ್ನೂ ನೋಡಿದ್ದರು. ಎರಡೂ ಒಂದೇ ಎಂದು ಯಾರೂ ಹೇಳಿರಲಿಲ್ಲ. ಮೊದಲ ಮಳೆಯ ರಾತ್ರಿಗಳಲ್ಲಿ ಗಿಡ ಅಲುಗಾಡಿಸಿ ದುಂಬಿ ಕೆಡವಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು, ಊರಿನವರೆಲ್ಲ ಒಟ್ಟಿಗೆ ಮಾಡುವುದು, ಆಳವಾಗಿ ಉಳುಮೆ ಮಾಡಿ ಹುಳವನ್ನು ಬೆಳ್ಳಕ್ಕಿ ಕಾಗೆಗಳಿಗೆ ಒಡ್ಡುವುದು, ಬೇರುಹುಳಕ್ಕೆ ರೋಗ ತರುವ ಮೆಟರೈಜಿಯಂ ಶಿಲೀಂಧ್ರ ಬಳಸುವುದು ಕೃಷಿ ತಜ್ಞರು ಸೂಚಿಸುವ ಕ್ರಮಗಳು. ಮುಂದಿನ ಮಿರಗಕ್ಕೆ ಗಿಡ ಅಲುಗಾಡಿಸಿ ನೋಡುತ್ತೇನೆ ಎಂದರು. ಹುಡುಗಿ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

ನನ್ನ ಪಾಠಯೋಜನೆಯ ಕಲಿಕಾಫಲದ ಕಾಲಂನಲ್ಲಿ ಮೊದಲು “ವಿದ್ಯಾರ್ಥಿಗಳು ಗೊಣ್ಣೆಹುಳದ ಕುಲವನ್ನು ಹೆಸರಿಸುವರು” ಎಂದಿತ್ತು. ಈಗ ಹೀಗಿದೆ: “ವಿದ್ಯಾರ್ಥಿಗಳು ಹುಳದ ಲಕ್ಷಣಗಳನ್ನು ನೋಡಿ, ಆಧಾರ ಇರುವಷ್ಟು ಮೆಟ್ಟಿಲವರೆಗೆ ಮಾತ್ರ ಗುರುತಿಸಿ, ಕಾರಣ ಬರೆಯುವರು.” ವೀಕ್ಷಣಾ ಹಾಳೆಯ ಆ ಎರಡನೆಯ ಸಾಲನ್ನು ಪಾಠಯೋಜನೆಯ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.